ಒಂದೇ ಐಪಿಎ, ಬ್ಯಾಚಿಗೊಂದು ರುಚಿ

ಸಣ್ಣ ಬ್ರೂವರಿಯೊಂದರ ಐಪಿಎ ಇದು, ಅಂದರೆ ಇಂಡಿಯಾ ಪೇಲ್ ಏಲ್ ಎಂಬ, ಕಹಿ ಮತ್ತು ಘಮ ಮುಂದಿರುವ ಬಿಯರ್. ಬಿಯರಿಗೆ ಕಹಿ, ಘಮ ಕೊಡುವ ಹೂವು ಹಾಪ್ಸ್; ಅದರ ಸಿಟ್ರಾ ಎಂಬ ತಳಿ ಹಾಕಿ ಮಾಡಿದ್ದು, ಕ್ಯಾನ್‌ನಲ್ಲಿ ಸಿಗುತ್ತದೆ. ವರ್ಷಗಳಿಂದ ಕುಡಿಯುತ್ತಿದ್ದೇನೆ, ನನಗೆ ತುಂಬಾ ಇಷ್ಟ. ಒಂದೇ ಕ್ಯಾನ್ ಕುಡಿದು ಬರೆದ ವಿಮರ್ಶೆಯಲ್ಲಿ ಸಿಗದ ವಿಷಯವೊಂದಿದೆ. ಈ ಬಿಯರ್ ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತದೆ. ಕೆಲವು ಬದಲಾವಣೆಗಳನ್ನು ನಾನು ಕಾದು ಕುಡಿಯುತ್ತೇನೆ. ಕೆಲವನ್ನು ಒಪ್ಪುವುದೇ ಇಲ್ಲ.

ಮೊದಲು ಇಷ್ಟವಾದದ್ದು. ಹಾಪ್ಸ್ ಬೆಳೆ ಕೊಯ್ಲಿಗೆ ಬರುವುದು ವರ್ಷಕ್ಕೊಂದೇ ಸಲ. ಮಳೆ, ಬಿಸಿಲು, ಕೊಯ್ದ ದಿನ ಎಲ್ಲವೂ ಅದರ ಘಮದಲ್ಲಿ ಕಾಣಿಸುತ್ತವೆ. ಕಹಿ ಕೊಡುವುದು ಅದರಲ್ಲಿರುವ ಆಲ್ಫಾ ಆಮ್ಲ. ಸಿಟ್ರಾದಲ್ಲಿ ಇದು ಸಾಮಾನ್ಯವಾಗಿ ಶೇ. 11ರಿಂದ 14ರ ಆಸುಪಾಸು ಇರುತ್ತದೆ. ಕಡಿಮೆ ಇದ್ದ ವರ್ಷ ಸ್ವಲ್ಪ ಜಾಸ್ತಿ ಹಾಪ್ಸ್ ಹಾಕಿದರೆ ಕಹಿ ಸರಿಹೋಗುತ್ತದೆ. ಘಮ ಕೊಡುವ ಎಣ್ಣೆಗಳು ಮಾತ್ರ ಹಾಗೆ ಲೆಕ್ಕಕ್ಕೆ ಸಿಗುವುದಿಲ್ಲ. ಹಾಗಾಗಿ ಒಂದು ಬ್ಯಾಚಿನಲ್ಲಿ ಚಕ್ಕೋತದ ಸಿಪ್ಪೆಯ ವಾಸನೆ ಮುಂದಿರುತ್ತದೆ, ಇನ್ನೊಂದರಲ್ಲಿ ಮಾವು. ತಡವಾಗಿ ಕೊಯ್ದ ಹಾಪ್ಸ್ ಈರುಳ್ಳಿ, ಬೆಳ್ಳುಳ್ಳಿಯ ವಾಸನೆಯನ್ನೂ ತರಬಹುದು. ಅಂಥದ್ದೂ ಒಂದು ಸಲ ಸಿಕ್ಕಿತ್ತು. ನನಗೆ ಹಿಡಿಸಲಿಲ್ಲ, ಆದರೆ ಅದು ಬೆಳೆಯ ಗುಣ. ದೊಡ್ಡ ಕಂಪನಿಗಳು ಬ್ಯಾಚುಗಳನ್ನು ಬೆರೆಸಿ ರುಚಿಯನ್ನು ಒಂದೇ ಮಟ್ಟಕ್ಕೆ ತರುತ್ತವೆ. ಸಣ್ಣವರಿಗೆ ಅಷ್ಟೊಂದು ಟ್ಯಾಂಕ್‌ಗಳು ಎಲ್ಲಿಂದ ಬರಬೇಕು?

ಒಪ್ಪದ ಬ್ಯಾಚ್ ಬೇರೆಯೇ. ಕ್ಯಾನ್ ತೆರೆದ ಕೂಡಲೇ ನೊರೆ ಉಕ್ಕಿ ಹರಿಯಿತು. ಮೂಗಿಗೆ ಹಣ್ಣಿನ ಬದಲು ಬೆಣ್ಣೆಯ ವಾಸನೆ ಬಂತು. ಆ ವಾಸನೆ ಡೈಅಸಿಟೈಲ್‌ನದು. ಹುದುಗುವಾಗ ಅದು ಹುಟ್ಟುವುದು ಸಹಜ. ಸಮಯ ಕೊಟ್ಟರೆ ಯೀಸ್ಟೇ ಅದನ್ನು ಹೀರಿಕೊಂಡು ಮುಗಿಸುತ್ತದೆ. ಆದರೆ ಘಮಕ್ಕೆಂದು ಕೊನೆಯಲ್ಲಿ ಕುದಿಸದೆ ಹಾಕುವ ಹಾಪ್ಸ್‌ನಲ್ಲಿ ಕಿಣ್ವಗಳಿರುತ್ತವೆ. ಅವು ಉಳಿದ ಪಿಷ್ಟದ ತುಣುಕುಗಳನ್ನು ಒಡೆದು ಸಕ್ಕರೆ ಮಾಡುತ್ತವೆ, ಯೀಸ್ಟ್ ಮತ್ತೆ ಕೆಲಸ ಶುರು ಮಾಡುತ್ತದೆ. ಅದು ಮುಗಿಯುವ ಮೊದಲೇ ಕ್ಯಾನ್‌ಗೆ ತುಂಬಿದರೆ ಬೆಣ್ಣೆಯೂ ಬರುತ್ತದೆ, ನೊರೆಯೂ ಉಕ್ಕುತ್ತದೆ. ಎರಡೂ ಒಟ್ಟಿಗೇ ಬಂದದ್ದರಿಂದ ನನ್ನ ಅನುಮಾನ ಇದರ ಮೇಲೆಯೇ. ಇದಕ್ಕೆ ಬೆಳೆಯನ್ನು ದೂರುವ ಹಾಗಿಲ್ಲ. ಅವಸರ ಮಾಡಿದ್ದಾರೆ, ಅಷ್ಟೇ.

ಬ್ಯಾಚ್ ಕೆಟ್ಟಿದೆ ಎನ್ನುವ ಮೊದಲು ಕ್ಯಾನಿನ ತಳದಲ್ಲಿರುವ ದಿನಾಂಕ ನೋಡಬೇಕು. ಐಪಿಎ ಹಳೆಯದಾದಷ್ಟೂ ಹಾಪ್ಸ್ ಘಮ ಇಳಿಯುತ್ತದೆ. ಒಳಗೆ ಆಮ್ಲಜನಕ ಸೇರಿದ್ದರೆ ಒದ್ದೆ ರಟ್ಟಿನಂಥ ವಾಸನೆ ಬರುತ್ತದೆ. ಸೆಕೆಯಲ್ಲಿಟ್ಟರೆ ಇದೆಲ್ಲ ಇನ್ನೂ ಬೇಗ. ಒಂದೇ ಬ್ಯಾಚಿನ ಎರಡು ಕ್ಯಾನ್, ಒಂದು ಫ್ರಿಜ್‌ನಲ್ಲಿ, ಒಂದು ಹೊರಗೆ ಇಟ್ಟು ನೋಡಿ. ವಾರಗಳಲ್ಲಿ ಎರಡು ಬೇರೆ ಬಿಯರ್ ಆಗಿರುತ್ತವೆ.

ಹೋಲಿಸಿ ನೋಡಲು ನಾನು ಮೂರು ಲೋಟಗಳ ಪರೀಕ್ಷೆ ಮಾಡುತ್ತೇನೆ. ಎರಡರಲ್ಲಿ ಒಂದೇ ಬ್ಯಾಚ್, ಮೂರನೆಯದರಲ್ಲಿ ಇನ್ನೊಂದು; ಬೇರೆಯದು ಯಾವುದೆಂದು ಗುರುತಿಸಬೇಕು. ಬೇರೆಯವರು ಸುರಿದು ಕೊಡಬೇಕು, ಮೂರೂ ಅಷ್ಟೇ ತಣ್ಣಗಿರಬೇಕು. ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿ ಬಂದೇ ಬರುತ್ತದೆ ಅಲ್ವಾ? ಅದಕ್ಕೇ ಒಂದೇ ಸಲ ಗುರುತಿಸಿದರೆ ಸಾಲದು. ಸ್ವಲ್ಪವೇ ಮಾದರಿ ಇಟ್ಟುಕೊಂಡು ಎಷ್ಟು ನಂಬಬಹುದು ಎಂಬ ಲೆಕ್ಕವನ್ನು 1908ರಲ್ಲಿ ಪ್ರಕಟಿಸಿದ ವಿಲಿಯಂ ಗೊಸೆಟ್ ಕೂಡ ಗಿನ್ನೆಸ್ ಬ್ರೂವರಿಯ ಉದ್ಯೋಗಿಯೇ. 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಬರೆದರು. ಬಿಯರ್ ಪ್ರಿಯರಿಗೆ ಇದು ಹೆಮ್ಮೆಯ ವಿಷಯ.

ಈಗ ಬಂದಿರುವ ಬ್ಯಾಚ್ ಚೆನ್ನಾಗಿದೆ. ನೊರೆ ನಿಲ್ಲುತ್ತದೆ, ಕಹಿ ನಾಲಿಗೆಯಲ್ಲಿ ಹೆಚ್ಚು ಹೊತ್ತು ಕೂರುವುದಿಲ್ಲ, ಮಾವಿನ ಘಮ ಕೊನೆಯ ಗುಟುಕಿನವರೆಗೂ ಇದೆ. 5ಕ್ಕೆ 4 ಅಂಕ. ಉಳಿದ ಒಂದನ್ನು ತಡೆಹಿಡಿದಿರುವುದು ದಿನಾಂಕಕ್ಕಾಗಿ: ಮಸುಕು ಶಾಯಿ, ಕ್ಯಾನ್ ಬೆವರಿದರೆ ಅಳಿಸಿಯೇ ಹೋಗುತ್ತದೆ. ತುಂಬಿದ ದಿನ, ಬ್ಯಾಚ್ ಸಂಖ್ಯೆ, ಯಾವ ವರ್ಷದ ಹಾಪ್ಸ್ ಎಂಬುದನ್ನು ಲೇಬಲ್ ಮೇಲೆಯೇ ದೊಡ್ಡದಾಗಿ ಹಾಕಲಿ, ಆ ಅಂಕವನ್ನೂ ಕೊಡುತ್ತೇನೆ.