ಆಷಾಢ ಕಳೀಲಿ ಅಂದರು ಓನರ್, ಬಾಡಿಗೆ ನಿಲ್ಲಿಸಿ ಸಿಕ್ಕಿಬಿದ್ದೆವು ನಾವು

ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೀರಾ? ಮಳೆಗಾಲಕ್ಕೆ ಮುಂಚೆ ಇದನ್ನೊಮ್ಮೆ ಓದಿ. ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ.

ಸರಸ್ವತಿಪುರಂನಲ್ಲಿ ಮೊದಲನೇ ಮಹಡಿ ಮನೆ. ಮೇಲೆ ಬರೀ ತಾರಸಿ. ಬಾಡಿಗೆ 11,000, ಅಡ್ವಾನ್ಸ್ ಒಂದು ಲಕ್ಷ. 2022ರ ಜೂನ್‌ನಲ್ಲಿ ಸಣ್ಣ ರೂಮಿನ ಸೀಲಿಂಗ್ ಮೇಲೆ ತಟ್ಟೆಯಷ್ಟು ಅಗಲ ಒದ್ದೆ ಕಂಡಿತು. ಕೆಳಗಡೆಯೇ ಓನರ್ ಮನೆ. ಇಳಿದು ಹೋಗಿ ಹೇಳಿದೆ. "ಆಷಾಢ ಬರ್ತಾ ಇದೆಯಲ್ಲಮ್ಮ, ಈಗ ಯಾವ ಕೆಲಸ ಶುರು ಮಾಡೋದು? ಶ್ರಾವಣದಲ್ಲಿ ಮಾಡಿಸೋಣ" ಅಂದರು. ಹಿರಿಯರು, ಮಾತೂ ಮೃದು. ಸರಿ ಅಂಕಲ್ ಅಂದು ಬಂದೆ.

ಶ್ರಾವಣದಲ್ಲಿ ಒಬ್ಬ ಮೇಸ್ತ್ರಿ ಬಂದ. ಕಾಫಿ ಕುಡಿದ, ತಾರಸಿ ಹತ್ತಿದ, ಮಳೆನೀರಿನ ಪೈಪಿನ ಬಾಯಿಗೆ ಕಟ್ಟಿಕೊಂಡಿದ್ದ ಎಲೆ ತೆಗೆದ, ಹೋದ. ಆಮೇಲೆ ಗೌರಿ ಹಬ್ಬ ಕಳೀಲಿ ಅಂದರು. ಹಬ್ಬ ಮುಗಿಯಿತು, ಪಿತೃಪಕ್ಷ ಬಂತು. ಅದಾದರೆ ದಸರಾ, ಕೆಲಸದವರು ಸಿಗಲ್ಲವಂತೆ. ಪಂಚಾಂಗದಲ್ಲಿ ರಿಪೇರಿಗೆ ಒಂದು ದಿನವೂ ಇರಲಿಲ್ಲ, ಬಾಡಿಗೆಗೆ ಮಾತ್ರ ಪ್ರತಿ ತಿಂಗಳು ಐದನೇ ತಾರೀಖು ಇತ್ತು.

ಆ ವರ್ಷ ಅಕ್ಟೋಬರ್‌ನಲ್ಲೂ ಮಳೆ ಬಿಡಲಿಲ್ಲ ಅಲ್ವಾ. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಸಣ್ಣ ರೂಮಿನಲ್ಲಿ ಧಡ್ ಅಂತ ಸದ್ದು. ಹೋಗಿ ನೋಡಿದರೆ ನನ್ನ ಹೊಲಿಗೆ ಮಿಷನ್ ಮೇಲೆ ಸಿಮೆಂಟ್ ಚಕ್ಕೆ, ಎರಡು ಕೈಯಲ್ಲಿ ಎತ್ತಬೇಕು ಅಷ್ಟು ದಪ್ಪ. ಮೇಲೆ ಕಬ್ಬಿಣದ ಕಂಬಿ ಕಾಣುತ್ತಿತ್ತು, ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ತುಕ್ಕು ಪದರ ಪದರವಾಗಿ ಕೈಗೆ ಬರುತ್ತಿತ್ತು. ಫ್ಯಾನಿನ ರಾಡ್ ಹಿಡಿದು ನೀರು ಇಳಿದು ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು. ನಮ್ಮೆಜಮಾನರು ಓಡಿ ಹೋಗಿ ಮೇನ್ ಆಫ್ ಮಾಡಿದರು. ಒಂಬತ್ತೂವರೆ ತನಕ ನಾನು ಅದೇ ಮಿಷನ್ ಮುಂದೆ ಕೂತು ಬ್ಲೌಸ್ ಹೊಲಿಯುತ್ತಿದ್ದೆ.

ಸೋರಿಕೆ ಅಂದರೆ ಬರೀ ಗೋಡೆ ಗಲೀಜಾಗುವುದಲ್ಲ ಅಂತ ಅವತ್ತು ತಿಳಿಯಿತು. ಕಂಬಿ ತುಕ್ಕು ಹಿಡಿದರೆ ಊದಿಕೊಳ್ಳುತ್ತದೆ, ಊದಿ ಕಾಂಕ್ರೀಟನ್ನೇ ಒಡೆದು ಕೆಳಗೆ ತಳ್ಳುತ್ತದೆ. ಒಳಗಿನಿಂದ ಎಷ್ಟು ಪುಟ್ಟಿ ಮೆತ್ತಿದರೂ ಅಷ್ಟೇ, ನೀರು ಬರುವುದು ಮೇಲಿನಿಂದ ತಾನೇ. ಹಳೇ ಗಾರೆ ಕಟ್ಟಡಗಳ ಪಾಡಂತೂ ಬೇಡ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ಕು ಜನ ಹೋದರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕಟ್ಟಡ ಬೀಳುವ ಸ್ಥಿತಿಯಲ್ಲಿದ್ದರೆ ಪಾಲಿಕೆಗೂ ದೂರು ಕೊಡಬಹುದು, ಮಾಲೀಕರಿಗೆ ನೋಟಿಸ್ ಕೊಡುವ ಅಧಿಕಾರ ಅವರಿಗಿದೆ.

ಈಗ ನಮ್ಮ ದಡ್ಡತನಕ್ಕೆ ಬರ್ತೀನಿ. ಸಿಟ್ಟಿನಲ್ಲಿ ನವೆಂಬರ್ ಬಾಡಿಗೆ ಕೊಡಲಿಲ್ಲ. ರಿಪೇರಿ ಆಗೋ ತನಕ ಕೊಡಲ್ಲ ಅಂದೆವು. ಡಿಸೆಂಬರ್‌ನಲ್ಲೂ ಕೊಡಲಿಲ್ಲ. ತಿಂಗಳ ಕೊನೆಗೆ ಅವರ ವಕೀಲರ ನೋಟಿಸ್ ಬಂತು. ಎರಡು ತಿಂಗಳ ಬಾಡಿಗೆ ಬಾಕಿ, ಹದಿನೈದು ದಿನದಲ್ಲಿ ಖಾಲಿ ಮಾಡಿ. ಜೊತೆಗೆ ಒಂದು ಸಾಲು: ಸೋರಿಕೆ ಬಗ್ಗೆ ಬಾಡಿಗೆದಾರರು ಯಾವತ್ತೂ ತಿಳಿಸಿಯೇ ಇಲ್ಲ.

ತಿಳಿಸಿಲ್ಲವಾ! ಐದು ತಿಂಗಳು ಮೆಟ್ಟಿಲು ಇಳಿದು ಹತ್ತಿದ್ದೇ ಬಂತು. ಆದರೆ ತೋರಿಸಲು ಏನಿತ್ತು? ಮೊಬೈಲ್ ಹುಡುಕಿದರೆ ವಾಟ್ಸಾಪ್‌ನಲ್ಲಿ ನಾನು ಕಳಿಸಿದ್ದು ಒಂದೇ: "ಅಂಕಲ್, ಫ್ರೀ ಇದ್ದಾಗ ಫೋನ್ ಮಾಡಿ." ಅದಕ್ಕೆ ಅವರ ಉತ್ತರ, ಕೈ ಮುಗಿದ ಚಿತ್ರ.

ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಹೆಂಗಸರಿಗೆ ಅಲ್ಲಿ ಉಚಿತ ನೆರವು, ಆದಾಯ ಎಷ್ಟಿದೆ ಅಂತ ನೋಡುವುದಿಲ್ಲ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಕೇಸಿಗೆ ಮುಂಚೆಯೇ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸುವ ವ್ಯವಸ್ಥೆಯೂ ಉಂಟು. ನಮ್ಮ ಕರಾರು ಪತ್ರ ನೋಡಿದ ವಕೀಲರು ಮೊದಲು ಕೇಳಿದ್ದು, "ಇದು ಮುಗಿದು ವರ್ಷ ಆಯ್ತಲ್ಲಮ್ಮ, ಯಾಕೆ ಹೊಸದು ಮಾಡಿಸಲಿಲ್ಲ?" ಹನ್ನೊಂದು ತಿಂಗಳ ಕರಾರು ಮುಗಿದು ಸುಮ್ನೆ ಇದ್ದುಬಿಟ್ಟರೆ ಅದು ತಿಂಗಳ ಬಾಡಿಗೆ ಲೆಕ್ಕಕ್ಕೆ ಬರುತ್ತದೆ. ಹದಿನೈದು ದಿನದ ನೋಟಿಸ್ ಸಾಕು.

ಬಾಡಿಗೆ ಕಾಯ್ದೆ ಇದೆಯಲ್ಲ ಸಾರ್ ಅಂದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳಿಗೆ 3500 ರೂಪಾಯಿ ದಾಟಿದ ಬಾಡಿಗೆಗೆ ಅನ್ವಯಿಸುವುದೇ ಇಲ್ಲವಂತೆ. ಇವತ್ತು ಮೈಸೂರಿನಲ್ಲಿ ಆ ದುಡ್ಡಿಗೆ ಯಾವ ಮನೆ ಸಿಗುತ್ತೆ ಹೇಳಿ? ನಮ್ಮಂಥವರಿಗೆ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಕರಾರು ಪತ್ರ. ಆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಓನರ್ ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟು ಸಾಕಷ್ಟು ಸಮಯ ಕಾದರೂ ಮಾಡಿಸದಿದ್ದರೆ ನಾವೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಆದರೆ ಗಮನಿಸಿ, ಮೊದಲು ನೋಟಿಸ್, ಆಮೇಲೆ ರಿಪೇರಿ, ಬಿಲ್ಲು, ಆಮೇಲೆ ಕಡಿತ. ರಿಪೇರಿಯನ್ನೂ ಮಾಡಿಸದೆ ಬಾಡಿಗೆ ನಿಲ್ಲಿಸಿ ಕೂರುವುದಕ್ಕೆ ಅಲ್ಲಿ ಜಾಗ ಇಲ್ಲ. ನಾವು ಮಾಡಿದ್ದು ಅದನ್ನೇ.

ಇನ್ನೊಂದು ಕೊಕ್ಕೆ ಇದೆ. ಯಾವ ರಿಪೇರಿ ಯಾರದ್ದು ಅನ್ನುವುದು ಕರಾರಿನ ಮೇಲೆ ನಿಂತಿದೆ. ನಮ್ಮದರಲ್ಲಿ ಇದ್ದದ್ದು, "ಸಣ್ಣಪುಟ್ಟ ರಿಪೇರಿಗಳನ್ನು ಬಾಡಿಗೆದಾರರೇ ಮಾಡಿಸಿಕೊಳ್ಳತಕ್ಕದ್ದು." ದೊಡ್ಡ ರಿಪೇರಿ ಯಾರದ್ದು ಅಂತ ಒಂದಕ್ಷರ ಇಲ್ಲ. ಟೈಪಿಂಗ್ ಅಂಗಡಿಯಲ್ಲಿ ಹೆಸರು, ಮೊತ್ತ ಬದಲಿಸಿ ಕೊಡುವ ಪತ್ರ ಅದು, ನಾವು ಓದದೆ ಸಹಿ ಹಾಕಿದ್ದೆವು. ಓನರ್ ಕಡೆಯವರ ಪ್ರಕಾರ ಸೋರುವ ತಾರಸಿಯೂ ಸಣ್ಣಪುಟ್ಟದ್ದೇ! ಸಹಿ ಹಾಕುವ ಮೊದಲು "ತಾರಸಿ, ಗೋಡೆ, ಪೈಪು, ವೈರಿಂಗ್ ರಿಪೇರಿ ಮಾಲೀಕರದ್ದು" ಅಂತ ಒಂದು ಸಾಲು ಸೇರಿಸಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಒದ್ದೆ ಕಂಡ ದಿನವೇ ಫೋಟೋ ತೆಗೆದು, ಯಾವ ರೂಮು, ಯಾವತ್ತಿನಿಂದ ಅಂತ ಬರೆದು ಓನರ್‌ಗೆ ಕಳಿಸಿ. ವಾರದಲ್ಲಿ ಏನೂ ಆಗದಿದ್ದರೆ ಅದನ್ನೇ ಕಾಗದದಲ್ಲಿ ಬರೆದು, ತಲುಪಿದ್ದಕ್ಕೆ ರಸೀದಿ ಸಿಗುವ ಹಾಗೆ ಅಂಚೆಗೆ ಹಾಕಿ. ಕೆಳಗಿನ ಮನೆಯವರಿಗೆ ಅಂಚೆಯಲ್ಲಿ ಕಾಗದ ಹಾಕುವುದು ಮುಜುಗರವೇ. ಆ ಮುಜುಗರಕ್ಕೆ ಸುಮ್ಮನಿದ್ದೇ ನಾವು ಕೆಟ್ಟೆವು. ಬಾಡಿಗೆ ಮಾತ್ರ ಬ್ಯಾಂಕ್ ಮೂಲಕ, ತಪ್ಪದೆ ಕೊಡುತ್ತಿರಿ.

ನಮ್ಮ ಕಥೆ ರಾಜಿಯಲ್ಲಿ ಮುಗಿಯಿತು. ಬಾಕಿ 22,000 ಕಟ್ಟಿ ಜನವರಿಯಲ್ಲಿ ಖಾಲಿ ಮಾಡಿದೆವು. ಅಡ್ವಾನ್ಸ್‌ನಲ್ಲಿ ಬಣ್ಣಕ್ಕೆ ಅಂತ 11,000 ಹಿಡಿದರು. ಸಣ್ಣ ರೂಮಿನ ಗೋಡೆ ಹಾಳಾಗಿದೆ ಅಂತ ಇನ್ನೂ 8,500. ಯಾರ ನೀರಿಗೆ ಹಾಳಾಯಿತು ಅಂತ ಕೇಳುವಷ್ಟು ತ್ರಾಣ ನಮಗೂ ಉಳಿದಿರಲಿಲ್ಲ.

ಫೆಬ್ರವರಿಯಲ್ಲಿ ಆ ರಸ್ತೆಯಲ್ಲಿ ಹೋಗುವಾಗ ಗೇಟಿಗೆ ಟು-ಲೆಟ್ ಬೋರ್ಡ್ ನೇತಾಡುತ್ತಿತ್ತು. ಎದುರುಮನೆ ಆಂಟಿ ಹೇಳಿದರು, ತಾರಸಿ ಮೇಲೆ ಯಾರೂ ಹತ್ತಲಿಲ್ಲವಂತೆ, ಸಣ್ಣ ರೂಮಿನ ಸೀಲಿಂಗ್‌ಗೆ ಮಾತ್ರ ಹೊಸ ಬಿಳಿ ಬಣ್ಣ. ಬಾಡಿಗೆ ಈಗ 13,000.