ಆ ಕೆಲಸ ಮಾರ್ಚ್‌ನಲ್ಲೇ ಭರ್ತಿ ಆಗಿದೆ, ಜಾಹೀರಾತು ಮಾತ್ರ ಇನ್ನೂ ಓಡಾಡ್ತಿದೆ

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಆಫೀಸ್ ಕೆಲಸ ನನ್ನದು. ಲೆಕ್ಕ, ಹಾಜರಿ, ಪಿಎಫ್, ಜೊತೆಗೆ ವೆಬ್‌ಸೈಟು ಕೂಡ ನನ್ನ ತಲೆಗೇ. ಮಾರ್ಚ್‌ನಲ್ಲಿ ಟ್ಯಾಲಿ ಗೊತ್ತಿರುವ ಅಕೌಂಟ್ಸ್ ಅಸಿಸ್ಟೆಂಟ್ ಬೇಕು ಅಂತ ನಮ್ಮ ಸೈಟಿನಲ್ಲಿ ಹಾಕಿದ್ದೆ, ಸಂಬಳ 16,000. ಬೇರೆ ಎಲ್ಲೂ ಕೊಟ್ಟಿರಲಿಲ್ಲ. ಹತ್ತು ದಿನದಲ್ಲಿ ಕೌಲ್ ಬಜಾರ್ ಕಡೆಯ ಹುಡುಗಿ ಒಬ್ಬಳು ಸಿಕ್ಕಳು. ಮುಗಿಯಿತು ಅಂದುಕೊಂಡೆ.

ಜೂನ್‌ನಲ್ಲಿ ಒಂದು ಬೆಳಿಗ್ಗೆ ಒಗ್ಗರಣೆ ಮಿರ್ಚಿ ತಿಂದು ಆಗಷ್ಟೇ ಬಂದು ಕೂತಿದ್ದೆ, ಬಾಗಿಲಲ್ಲಿ ಒಬ್ಬ ಹುಡುಗ. ಸಿಂಧನೂರಿನವನು, ಮೊದಲ ಬಸ್ಸಿಗೆ ಹೊರಟು ಸಿರುಗುಪ್ಪ ಮೇಲೆ ಬಂದಿದ್ದಾನೆ. ಕೈಯಲ್ಲಿ ನೀಲಿ ಪ್ಲಾಸ್ಟಿಕ್ ಫೈಲು, ಒಳಗೆ ಮಾರ್ಕ್ಸ್ ಕಾರ್ಡುಗಳ ಮೇಲೆ ಒಂದು ಪ್ರಿಂಟೌಟ್. "ಸರ್, ಇಂಟರ್‌ವ್ಯೂ ಇವತ್ತೇ ಅಂದಿದ್ರು." ತಗೊಂಡು ನೋಡಿದೆ. ನಮ್ಮದೇ ಹೆಸರು, ನಮ್ಮದೇ ಲೋಗೊ, ನಾನು ಬರೆದದ್ದೇ ಸಾಲುಗಳು, ಅವಸರದಲ್ಲಿ ಮಾಡಿದ್ದ ಒಂದು ಕಾಗುಣಿತದ ತಪ್ಪು ಕೂಡ ಹಾಗೇ ಇದೆ! ಬದಲಾಗಿದ್ದು ಎರಡೇ. ಸಂಬಳ 28,000 ಆಗಿತ್ತು, ಮತ್ತು ಮೇಲ್ಗಡೆ "ಇಂದು ಪ್ರಕಟವಾಗಿದೆ" ಅಂತ ಇತ್ತು.

ಯಾವುದೋ ಜಾಬ್ ಪೋರ್ಟಲ್‌ನ ಪುಟ ಅದು. ಅಪ್ಲೈ ಒತ್ತಿದರೆ ನಮ್ಮ ಸೈಟಿಗೆ ಬರುವುದಿಲ್ಲ, ಅವರದೇ ಫಾರಂ ತೆರೆಯುತ್ತದೆ. ಅದರಲ್ಲಿ ಫೋನ್ ನಂಬರ್, ಬಯೋಡೇಟಾ ಎಲ್ಲ ಕೊಟ್ಟಿದ್ದಾನೆ. ಎರಡು ದಿನ ಬಿಟ್ಟು ಯಾರೋ ನಮ್ಮ ಎಚ್‌ಆರ್ ಅಂತ ಫೋನ್ ಮಾಡಿ, ರಿಜಿಸ್ಟ್ರೇಷನ್ ಅಂತ 1,500 ರೂಪಾಯಿ ಹಾಕಿಸಿಕೊಂಡಿದ್ದಾರೆ. ನಮ್ಮಲ್ಲಿ ಎಚ್‌ಆರ್ ಅಂತ ಯಾರೂ ಇಲ್ಲ, ಇರುವುದು ನಾನೊಬ್ಬನೇ.

"ತಮ್ಮಾ, ಈ ಕೆಲಸಕ್ಕೆ ಮಾರ್ಚ್‌ನಲ್ಲೇ ಜನ ಸಿಕ್ಕಾಗಿದೆ" ಅಂದೆ. ಅವನು ಮಾತಾಡಲಿಲ್ಲ, ಫೈಲಿನ ಗುಂಡಿ ಹಾಕೋದು ತೆಗೆಯೋದು ಮಾಡುತ್ತಾ ನಿಂತ. ಟೀ ತರಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ ದೂರು ಕೊಡಿಸಿದೆ. ದುಡ್ಡು ಹೋದ ಕೂಡಲೇ ಆ ನಂಬರಿಗೆ ಹೇಳಿದರೆ ಅದನ್ನು ತಡೆಹಿಡಿಯುವ ಅವಕಾಶ ಜಾಸ್ತಿ. ಅವನು ಕೊಟ್ಟು ಆಗಲೇ ಐದು ದಿನ.

ನನ್ನ ತಪ್ಪೂ ಇದೆ. ಕೆಲಸ ಭರ್ತಿಯಾದ ಮೇಲೆ ಮೆನುವಿನಿಂದ ಲಿಂಕ್ ಮಾತ್ರ ತೆಗೆದಿದ್ದೆ, ಪುಟ ಅಳಿಸಿರಲಿಲ್ಲ. ನಮಗೆ ಕಾಣುವುದಿಲ್ಲ, ಆದರೆ ವಿಳಾಸ ಗೊತ್ತಿರುವ ಯಾರಿಗಾದರೂ ಅದು ತೆರೆದೇ ಇತ್ತು. ಈ ಪೋರ್ಟಲ್‌ಗಳ ಬಾಟ್‌ಗಳು, ಅಂದರೆ ತಾವಾಗೇ ಓಡುವ ಪ್ರೋಗ್ರಾಂಗಳು, ದಿನವಿಡೀ ಸೈಟಿನಿಂದ ಸೈಟಿಗೆ ತಿರುಗಿ ಇಂಥದ್ದನ್ನೇ ಎತ್ತಿಕೊಂಡು ಹೋಗುತ್ತವೆ. ಬಾಟ್‌ಗಳಿಗೆ "ಇಲ್ಲಿ ಬರಬೇಡಿ" ಅಂತ ಹೇಳಲು ರೋಬೋಟ್ಸ್ ಫೈಲ್ ಅಂತ ಒಂದಿದೆ, ಸರಿ. ಆದರೆ ಅದು ಗೋಡೆ ಮೇಲೆ "ಇಲ್ಲಿ ಮೂತ್ರ ಮಾಡಬೇಡಿ" ಅಂತ ಬರೆದ ಹಾಗೆ, ಮರ್ಯಾದಸ್ಥರು ಮಾತ್ರ ಕೇಳುತ್ತಾರೆ. ಗೂಗಲ್ ನಮ್ಮ ಜಾಹೀರಾತು ತೋರಿಸಿ ನಮ್ಮ ಸೈಟಿಗೇ ಕಳಿಸಿದರೆ ನನ್ನ ತಕರಾರಿಲ್ಲ, ಅದರಿಂದ ನಮಗೂ ಲಾಭ. ನಮ್ಮ ಹೆಸರು ಹಾಕಿ ಅರ್ಜಿ ಮಾತ್ರ ತಾವು ತಗೊಳ್ಳೋದು ಯಾವ ನ್ಯಾಯ?

ಪೋರ್ಟಲ್‌ನವರಿಗೆ ಮೂರು ಮೇಲ್ ಹಾಕಿದೆ. ಮೊದಲ ಎರಡು ಜಿಮೇಲ್‌ನಿಂದ, ಅದಕ್ಕೆ ಬಂದಿದ್ದು ಯಂತ್ರದ ಉತ್ತರ. ಮೂರನೆಯದನ್ನು ಕಂಪನಿ ಹೆಸರಿನ ಮೇಲ್‌ನಿಂದ, ಅವರ ಪುಟದ ಲಿಂಕು, ಸ್ಕ್ರೀನ್‌ಶಾಟು ಸಮೇತ ಕಳಿಸಿದೆ. ಒಂಬತ್ತು ದಿನಕ್ಕೆ ತೆಗೆದರು. ಅಷ್ಟರಲ್ಲಿ ಇನ್ನೊಂದು ಸೈಟು ಅವರಿಂದ ಕದ್ದು ಹಾಕಿಕೊಂಡಿತ್ತು, 28,000 ಸಮೇತ.

ಕೆಲಸ ಹುಡುಕುತ್ತಿರುವವರೇ, ಪೋರ್ಟಲ್‌ನಲ್ಲಿ ಕಾಣುವ ತಾರೀಕನ್ನು ನಂಬಬೇಡಿ, ಅದು ಅವರು ಎತ್ತಿಕೊಂಡ ದಿನ ಇರಬಹುದು. ಕಂಪನಿಯ ಸ್ವಂತ ಸೈಟು ತೆರೆದು ಅದೇ ಕೆಲಸ ಅಲ್ಲಿದೆಯಾ ನೋಡಿ. ಅಲ್ಲಿರುವ ನಂಬರಿಗೆ ಫೋನ್ ಮಾಡಿ, ಜಾಹೀರಾತಿನ ಕೆಳಗಿರುವ ನಂಬರಿಗಲ್ಲ. ದುಡ್ಡು ಕೇಳಿದರೆ ಅಲ್ಲಿಗೇ ಬಿಡಿ. ಬಸ್ ಹತ್ತುವ ಮೊದಲು ಇಷ್ಟು ಮಾಡಿ ಸಾಕು.

ಕಂಪನಿಯವರೇ, ಹಳೆ ಪುಟ ಪೂರ್ತಿ ಅಳಿಸಿ, ಪ್ರತಿ ಜಾಹೀರಾತಿನಲ್ಲೂ ಕೊನೆಯ ದಿನಾಂಕ ಕಣ್ಣಿಗೆ ಬೀಳುವ ಹಾಗೆ ಹಾಕಿ. ವಾರಕ್ಕೊಮ್ಮೆ ನಿಮ್ಮ ಹೆಸರಿನ ಮುಂದೆ "ಕೆಲಸ" ಅಂತ ಸೇರಿಸಿ ಗೂಗಲ್ ಮಾಡಿ ನೋಡಿ.

ನಮ್ಮ ಸೈಟಿನ ಮೇಲ್ಗಡೆ ಈಗ ಕೆಂಪಕ್ಷರದಲ್ಲಿ ಬರೆದಿದ್ದೇನೆ: "ಸದ್ಯಕ್ಕೆ ಯಾವ ಕೆಲಸವೂ ಖಾಲಿ ಇಲ್ಲ, ನಾವು ಯಾರಿಂದಲೂ ಹಣ ಪಡೆಯುವುದಿಲ್ಲ." ನಿನ್ನೆ ಮಸ್ಕಿಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ದಳು. "ಅಣ್ಣಾ, 28,000ದ ಕೆಲಸ ಇನ್ನೂ ಇದೆಯಾ?"