ಮ್ಯೂನಿಕ್‌ನಲ್ಲಿ ಜೊತೆ ಹುಡುಕಿ ಹೊರಟಾಗ: ಸಂಘವೋ, ಕ್ಲಾಸೋ, ತೋಟವೋ?

ಬಾಣಂತನಕ್ಕೆ ಬಂದ ಅಮ್ಮ 90ನೇ ದಿನಕ್ಕೆ ವಾಪಸ್ ಹೊರಟಳು. ಅವಳ ವೀಸಾ ಇದ್ದದ್ದೇ ಅಷ್ಟು ದಿನಕ್ಕೆ. ಮಾರನೇ ದಿನ ನಮ್ಮವರು ಆಫೀಸಿಗೆ ಹೋದರು. ಮನೆಯಲ್ಲಿ ನಾನು, ಮಗು, ಡಬ್ಬಿಯಲ್ಲಿ ಅರ್ಧ ಉಳಿದ ಅಂಟಿನುಂಡೆ. ಹಾಸನದಲ್ಲಿ ಕಾಂಪೌಂಡಿಗೆ ಒರಗಿ ನಿಂತರೆ ಹತ್ತು ನಿಮಿಷದಲ್ಲಿ ನಾಲ್ಕು ಜನ ಮಾತಾಡಿಸುತ್ತಾರೆ. ಇಲ್ಲಿ ಎದುರುಮನೆಯವರು 'ಗ್ರ್ಯೂಸ್ ಗಾಟ್', ಅಂದರೆ ನಮಸ್ಕಾರ, ಅಂದು ಬಾಗಿಲು ಹಾಕಿಕೊಳ್ಳುತ್ತಾರೆ. ಕೆಟ್ಟವರೇನಲ್ಲ. ಇಲ್ಲಿಯ ರೂಢಿಯೇ ಅಷ್ಟು.

ಆಮೇಲಿನ ಮೂರು ವರ್ಷ ಒಂದೊಂದೇ ಜಾಗಕ್ಕೆ ಹೋಗಿ ನೋಡಿದೆ. ಹೊಸದಾಗಿ ಬಂದ ಹುಡುಗಿಯರು "ಅಕ್ಕಾ, ಎಲ್ಲಿ ಸೇರಲಿ?" ಅಂತ ಕೇಳುತ್ತಿರುತ್ತಾರೆ. ಅವರಿಗೆ ಪ್ರತಿ ಸಲ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ನನ್ನ ಅಳತೆ ಒಂದೇ. ಎರಡು ವಾರ ನಾನು ಕಾಣದಿದ್ದರೆ "ಯಾಕೆ ಬರಲಿಲ್ಲ?" ಅಂತ ಕೇಳುವವರು ಅಲ್ಲಿ ಇದ್ದಾರಾ?

ಮೊದಲು ಹೋದದ್ದು ಕನ್ನಡ ಸಂಘಕ್ಕೆ. ಯುಗಾದಿ ಕಾರ್ಯಕ್ರಮದ ಬಾಗಿಲಲ್ಲಿ ಹೆಸರು ಕೇಳಿದರು. ಹೇಳಿದೆ. ಪಟ್ಟಿಯಲ್ಲಿ ಸಿಗಲಿಲ್ಲ. "ಮನೆಯವರ ಹೆಸರು ಹೇಳಿ" ಅಂದರು. ತಕ್ಷಣ ಸಿಕ್ಕಿತು! ಒಳಗೆ ಹೋಗಿ ಬಿಸಿಬೇಳೆಬಾತ್ ವಾಸನೆ ಬಂದ ಮೇಲೆ ಆ ಸಿಟ್ಟು ನಿಲ್ಲಲಿಲ್ಲ, ಅದು ಬೇರೆ ಮಾತು. ಸಂಘದ ಸುಖವೇ ಬೇರೆ. ಯಾವ ಮಾತನ್ನೂ ಬಿಡಿಸಿ ಹೇಳಬೇಕಾಗಿಲ್ಲ. "ಅತ್ತೆ ಬಂದಿದ್ದಾರೆ" ಅಂದರೆ ಸಾಕು, ಎದುರಿನವಳು ನಗುತ್ತಾಳೆ. ಆದರೆ ಸೇರುವುದು ವರ್ಷಕ್ಕೆ ಮೂರೋ ನಾಲ್ಕೋ ಸಲ. ರಾಜ್ಯೋತ್ಸವವೂ ಹಾಲ್ ಸಿಕ್ಕ ಶನಿವಾರಕ್ಕೇ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ನವೆಂಬರ್ 1 ಸಕಲ ಸಂತರ ದಿನ. ಜನ ಸಮಾಧಿಗೆ ದೀಪ ಇಡಲು ಹೋಗುತ್ತಾರೆ. ಕಾನೂನಿನ ಪ್ರಕಾರ ಅದು 'ಮೌನದ ದಿನ', ಕುಣಿತಕ್ಕೆ ನಿರ್ಬಂಧ ಇದೆ. ನಮ್ಮ ಡೊಳ್ಳು ಬೇರೆ ದಿನ ನೋಡಿಕೊಳ್ಳಬೇಕು. ಹೀಗಿರುವಾಗ ಎರಡು ವಾರ ಕಾಣದಿದ್ದರೆ ಯಾರಿಗೆ ಗೊತ್ತಾಗುತ್ತದೆ?

ಭಾರತೀಯ ಹೆಂಗಸರ ವಾಟ್ಸ್ಯಾಪ್ ಗುಂಪಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಅಂಗಡಿ ಬೀದಿ ಇದ್ದ ಹಾಗೆ. ಕರಿಬೇವು ಎಲ್ಲಿ, ಹಳೇ ತೊಟ್ಟಿಲು ಯಾರ ಹತ್ತಿರ, ಹೆಬಾಮೆ ಯಾರಾದರೂ ಸಿಗುತ್ತಾರಾ. ಹೆಬಾಮೆ ಅಂದರೆ ಸೂಲಗಿತ್ತಿ. ಹೆರಿಗೆ ಆದ ಮೇಲೆ ಮನೆಗೇ ಬಂದು ತಾಯಿ, ಮಗುವನ್ನು ನೋಡುತ್ತಾರೆ. ಖರ್ಚು ವಿಮೆಯದ್ದು. ಆದರೆ ಗರ್ಭಿಣಿ ಅಂತ ಗೊತ್ತಾದ ಕೂಡಲೇ ಹುಡುಕದಿದ್ದರೆ ಸಿಗುವುದು ಕಷ್ಟ. ಒಂದು ಭಾನುವಾರ ಮಗುವಿಗೆ ಜ್ವರ ಏರಿದಾಗ ರಜೆ ದಿನ ಡಾಕ್ಟರ್ ಸಹಾಯಕ್ಕೆ ಇರುವ 116117 ನಂಬರಿಗೆ ಫೋನ್ ಮಾಡು ಅಂತ ಎರಡೇ ನಿಮಿಷದಲ್ಲಿ ಹೇಳಿದ್ದು ಈ ಗುಂಪು. ಆ ಉಪಕಾರ ಮರೆಯುವುದಿಲ್ಲ. ಹೇಳಿದ್ದು ಯಾರು ಅಂತ ಮಾತ್ರ ಇವತ್ತಿಗೂ ಗೊತ್ತಿಲ್ಲ.

ಚಿಕ್ಕ ಮಗು ಇರುವವರು ಕಣ್ಣು ಮುಚ್ಚಿ ಮ್ಯೂಟರ್‌ತ್ಸೆಂಟ್ರುಮ್‌ಗೆ ಹೋಗಿ. ಅಂದರೆ ತಾಯಂದಿರ ಕೇಂದ್ರ. 1980ರ ದಶಕದ ಶುರುವಿನಲ್ಲಿ ಜಾಲ್ಟ್ಸ್‌ಗಿಟರ್, ಡಾರ್ಮ್‌ಷ್ಟಾಟ್, ಮ್ಯೂನಿಕ್‌ಗಳಲ್ಲಿ ಹುಟ್ಟಿಕೊಂಡ ಕಲ್ಪನೆ ಇದು. ಮೇಲೆ ಕೂತು ಬುದ್ಧಿ ಹೇಳುವವರು ಬೇಡ, ತಾಯಂದಿರೇ ನಡೆಸಲಿ ಅನ್ನುವುದು ಅದರ ಜೀವ. ಜರ್ಮನಿಯಲ್ಲಿ ಗೆಳತಿಯ ಮನೆಗೆ ಹೋಗಲೂ 'ಟೆರ್ಮೀನ್' ಬೇಕು, ಮೂರು ವಾರ ಮುಂಚೆ ದಿನ ಗೊತ್ತು ಮಾಡಬೇಕು. ಇಲ್ಲಿ ಹಾಗಿಲ್ಲ. ಬಾಗಿಲು ತೆರೆದಿರುತ್ತದೆ. ತಲೆ ಬಾಚದೆ ಹೋಗಿದ್ದೇನೆ. ಮಗುವನ್ನು ಚಾಪೆ ಮೇಲೆ ಬಿಟ್ಟು, ಬಿಸಿ ಕಾಫಿಯನ್ನು ಬಿಸಿಯಾಗಿರುವಾಗಲೇ ಕುಡಿದಿದ್ದೇನೆ. ಹೊಸ ಬಾಣಂತಿಗೆ ಇದು ಎಷ್ಟು ದೊಡ್ಡದು ಅಂತ ಗೊತ್ತಿದ್ದವರಿಗೆ ಗೊತ್ತು. ಕೊರತೆ ಒಂದೇ. ಮಕ್ಕಳು ಕೀಟಾಗೆ, ಅಂದರೆ ಶಿಶುವಿಹಾರಕ್ಕೆ ಸೇರಿದ ಕೂಡಲೇ ತಾಯಂದಿರೂ ಚದುರಿಹೋಗುತ್ತಾರೆ. ಮುಂದಿನ ವರ್ಷ ಅದೇ ಚಾಪೆ ಇರುತ್ತದೆ, ಮುಖಗಳೆಲ್ಲ ಹೊಸವು.

ಮಗಳು ಕೀಟಾಗೆ ಹೋದ ಮೇಲೆ ನಾನು ಜರ್ಮನ್ ಕ್ಲಾಸಿಗೆ ಸೇರಿದೆ. ಬ್ಲೂ ಕಾರ್ಡ್, ಅಂದರೆ ಓದಿದ ವಿದೇಶಿ ನೌಕರರಿಗೆ ಕೊಡುವ ಪರವಾನಗಿ, ಇರುವವರ ಹೆಂಡತಿಗೆ ಭಾಷಾ ಪರೀಕ್ಷೆ ಇಲ್ಲದೆ ವೀಸಾ ಸಿಗುತ್ತದೆ. ಬಂದ ಕೂಡಲೇ ಕೆಲಸ ಮಾಡುವ ಹಕ್ಕೂ ಇದೆ. ಅಮೆರಿಕದಲ್ಲಿ ಗಂಡನ ಕೆಲಸದ ವೀಸಾದ ಜೊತೆ ಹೆಂಡತಿಗೆ ಸಿಗುವ ಎಚ್-4 ವೀಸಾದ ಕೆಲವು ಹೆಂಗಸರಿಗೆ ಕೆಲಸದ ಅನುಮತಿ ಸಿಕ್ಕಿದ್ದೇ 2015ರಲ್ಲಿ. ಅಲ್ಲಿರುವ ನನ್ನ ತಂಗಿ "ನೀನು ಪುಣ್ಯವಂತೆ ಕಣೇ" ಅನ್ನುತ್ತಾಳೆ. ಹಕ್ಕೇನೋ ಇದೆ, ಸಂದರ್ಶನದಲ್ಲಿ ಬಾಯಿ ಬಿಡಬೇಕಲ್ಲ!

ನಾನು ಸೇರಿದ ಕ್ಲಾಸಿನ ಹೆಸರು ಇಂಟೆಗ್ರೇಷನ್ ಕೋರ್ಸ್. ಅಂದರೆ ಭಾಷೆಗೆ 600 ತರಗತಿ, ದೇಶದ ಇತಿಹಾಸ, ಕಾನೂನಿಗೆ 100. ಕೊನೆಗೆ 33 ಪ್ರಶ್ನೆಗಳ ಪರೀಕ್ಷೆ, 15 ಸರಿ ಬಂದರೆ ಪಾಸು. ಅಷ್ಟು ದಿನ ಒಂದೇ ಬೆಂಚಿನಲ್ಲಿ ಕೂತರೆ ಸ್ನೇಹ ಆಗದೆ ಇರುತ್ತದಾ? ಅದಕ್ಕಿಂತ ಮುಖ್ಯ, ಎಲ್ಲರ ಭಾಷೆಯೂ ಮುರುಕಲು. ಯಾರ ಮುಂದೆ ಯಾರಿಗೂ ನಾಚಿಕೆ ಇಲ್ಲ. ನನ್ನ ಪಕ್ಕ ಸಿರಿಯಾದ ಅಲೆಪ್ಪೊ ಊರಿನ ಒಬ್ಬ ಟೀಚರಮ್ಮ. ಒಂದು ದಿನ ಮಕ್ದೂಸ್ ತಂದರು. ಪುಟ್ಟ ಬದನೆಕಾಯಿಗೆ ಅಕ್ರೋಟು, ಬೆಳ್ಳುಳ್ಳಿ, ಕೆಂಪು ಮೆಣಸು ತುಂಬಿ ಎಣ್ಣೆಯಲ್ಲಿ ಮುಳುಗಿಸಿದ್ದು. ಮಾರನೇ ದಿನ ನಾನು ಎಣ್ಣೆಗಾಯಿ ಒಯ್ದೆ. ಇಬ್ಬರಿಗೂ ಬರುತ್ತಿದ್ದ ಜರ್ಮನ್ ಇನ್ನೂರು ಪದ ಇರಬಹುದು. ಬದನೆಕಾಯಿ ಮೇಲೆ ಒಂದು ಗಂಟೆ ಮಾತಾಡಿದೆವು. ನಾನು ಎರಡು ದಿನ ತಪ್ಪಿಸಿದರೆ ಅವರ ಫೋನ್ ಬರುತ್ತಿತ್ತು. ಅಳತೆಗೆ ಮೊದಲ ಸಲ ಹೊಂದಿದ್ದು ಅದು.

ಕೊನೆಯದು ಸಾಮೂಹಿಕ ತೋಟ. ಸ್ವಂತ ಕ್ಲೈನ್‌ಗಾರ್ಟನ್‌ಗೆ ಹೆಸರು ಬರೆಸಿದ್ದೆ. ಕಾನೂನಿನ ಪ್ರಕಾರ ಅದು 400 ಚದರ ಮೀಟರ್‌ವರೆಗೆ ಇರುವ ತುಂಡು ಭೂಮಿ. ಸರದಿಯಂತೂ ಬರಲೇ ಇಲ್ಲ. ಹಂಚಿಕೊಳ್ಳುವ ತೋಟದಲ್ಲಿ ಒಂದು ಪಾತಿ ಸಿಕ್ಕಿತು. ಬೇರೆ ದೇಶದವರೂ ಇಲ್ಲಿಯವರೂ ಸೇರಿ ಮಾಡುವ ಇಂಥ ತೋಟ ಜರ್ಮನಿಯಲ್ಲಿ ಮೊದಲು ಶುರುವಾದದ್ದು 1990ರ ದಶಕದ ನಡುವೆ, ಗೋಟಿಂಗನ್‌ನಲ್ಲಿ. ಯುದ್ಧದಿಂದ ಓಡಿ ಬಂದ ಬೋಸ್ನಿಯಾದ ಹೆಂಗಸರನ್ನು "ಏನು ಬಿಟ್ಟು ಬಂದದ್ದು ನೆನಪಾಗುತ್ತದೆ?" ಅಂತ ಕೇಳಿದಾಗ ಅವರು ಹೇಳಿದ್ದು "ನಮ್ಮ ತೋಟ" ಅಂತ. ಇದನ್ನು ಕೇಳಿದಾಗ ನನಗೆ ಹಿತ್ತಲ ನುಗ್ಗೆಮರ ನೆನಪಾಗಿ ಗಂಟಲು ಕಟ್ಟಿತು.

ಪಕ್ಕದ ಪಾತಿ ಎಪ್ಪತ್ತು ದಾಟಿದ ಒಬ್ಬ ಬವೇರಿಯನ್ ಅಜ್ಜಿಯದು. ಏಪ್ರಿಲ್‌ನಲ್ಲಿ ಟೊಮೆಟೊ ಸಸಿ ನೆಡಲು ಹೊರಟಿದ್ದೆ, ಗದರಿಸಿದರು. ಐಸ್‌ಹೈಲಿಗೆ ಮುಗಿಯಬೇಕಂತೆ. ಮೇ 11ರಿಂದ 15ರವರೆಗಿನ 'ಚಳಿಯ ಸಂತರ' ದಿನಗಳು ಅವು, ಅಲ್ಲಿಯವರೆಗೆ ಸಸಿಗೆ ಹಿಮದ ಭಯ. ನಮ್ಮಲ್ಲೂ ಇದೆ, ನಕ್ಷತ್ರ ನೋಡಿ ಬಿತ್ತುತ್ತಾರೆ, 'ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ' ಅಂತಾರೆ ಅಂದೆ. ಓಣಿಗೆ ಜರ್ಮನ್‌ನಲ್ಲಿ ಏನನ್ನಬೇಕೋ ಹೊಳೆಯದೆ ಕೈಯಲ್ಲೇ ತೋರಿಸಿದೆ. ಜೂನ್‌ನಲ್ಲಿ ಒಂದು ದಿನ ಅವರೇ "ನನಗೆ ಜೀ ಬೇಡ, ದೂ ಅನ್ನು" ಅಂದರು. ನೀವು ಬಿಟ್ಟು ನೀನು ಅನ್ನು ಅಂತ. ಇಲ್ಲಿ ಹಿರಿಯರು ಹಾಗೆ ಹೇಳುವುದು ದೊಡ್ಡ ಮಾತು. ಎಪ್ಪತ್ತರ ಅಜ್ಜಿಗೆ ನೀನು ಅನ್ನಲು ನನ್ನ ನಾಲಿಗೆ ಹೊರಳುವುದೇ? ಬಾಯಲ್ಲಿ ದೂ ಅನ್ನುತ್ತೇನೆ, ಮನಸ್ಸಿನಲ್ಲಿ ಅಜ್ಜೀ ಅಂತ ಸೇರಿಸಿಕೊಳ್ಳುತ್ತೇನೆ.

ಹಾಗಂತ ತೋಟಕ್ಕೇ ಮೊದಲ ಸ್ಥಾನ ಕೊಡಲು ಹೋದರೆ ಹೋದ ಫೆಬ್ರವರಿ ಅಡ್ಡ ಬರುತ್ತದೆ. ಹೆಪ್ಪುಗಟ್ಟಿದ ಫುಟ್‌ಪಾತ್ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡೆ. ವಾಟ್ಸ್ಯಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳ ಸಾಲು. ತಾಯಂದಿರ ಕೇಂದ್ರದಲ್ಲಿ ನನ್ನ ಪರಿಚಯದವರೇ ಉಳಿದಿರಲಿಲ್ಲ. ಚಳಿಗಾಲ, ತೋಟಕ್ಕೆ ಬೀಗ. ಅಲೆಪ್ಪೊದ ಟೀಚರಮ್ಮ ಬಂದವರೇ ಏನೂ ಕೇಳದೆ ಸಿಂಕಿನ ಪಾತ್ರೆ ತೊಳೆದು ಹೋದರು. ಮತ್ತೆ ಯಾರು ಗೊತ್ತಾ? ನಾನು ಗೊಣಗಿದ ಅದೇ ಸಂಘದವರು. ಮೂರು ಮನೆಯವರು ಸರದಿ ಹಾಕಿಕೊಂಡು ಒಂದು ವಾರ ಸಾರು, ಪಲ್ಯ, ಚಪಾತಿ ಕಳಿಸಿದರು. ಒಂದು ಡಬ್ಬಿಯ ಮೇಲೆ ಚೀಟಿ ಇತ್ತು, ನನ್ನ ಹೆಸರಿನಲ್ಲೇ.

ಈಗ ಯಾರಾದರೂ ಕೇಳಿದರೆ ಹೀಗೆ ಹೇಳುತ್ತೇನೆ. ಮಗು ಕೈಯಲ್ಲಿದ್ದರೆ ತಾಯಂದಿರ ಕೇಂದ್ರ. ಇಲ್ಲದಿದ್ದರೆ ಮೊದಲು ಕ್ಲಾಸು, ಅದೂ ಆನ್‌ಲೈನ್ ಅಲ್ಲ, ಬೆಂಚಿನಲ್ಲಿ ಕೂರುವಂಥದ್ದು. ಸಂಘದ ಚಂದಾ ಸುಮ್ನೆ ಕಟ್ಟಿಬಿಡಿ, ಆದರೆ ಪಟ್ಟಿಯಲ್ಲಿ ನಿಮ್ಮ ಹೆಸರೂ ಬರೆಸಿ. ನಾನು ಎಲ್ಲಿಗೆ ತಪ್ಪದೆ ಹೋಗುತ್ತೇನೆ ಅಂದರೆ, ತೋಟಕ್ಕೆ.

ಇಂಡಿಯನ್ ಅಂಗಡಿಯ ಒಣ ಅವರೆಕಾಳು ನೆನೆಸಿ, ಮೊಳಕೆ ಬರಿಸಿ ನೆಟ್ಟಿದ್ದೆ. ಬಳ್ಳಿ ಹುಚ್ಚೆದ್ದು ಬೆಳೆಯಿತು, ಹೂವಿನ ಸುಳಿವೇ ಇಲ್ಲ. ಹಗಲು ಚಿಕ್ಕದಾಗದೆ ಅವರೆ ಹೂ ಬಿಡುವುದಿಲ್ಲ, ಹಗಲು ಚಿಕ್ಕದಾಗುವಷ್ಟರಲ್ಲಿ ಇಲ್ಲಿ ಮಂಜು ಸುರಿಯುತ್ತದೆ. ಆಗಸ್ಟ್‌ನಲ್ಲಿ ಎರಡು ವಾರ ಹೋಗಲಾಗಲಿಲ್ಲ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಜ್ಜಿಯ ಫೋನ್.

"ನಿನ್ನ ಬಳ್ಳಿ ನನ್ನ ಟೊಮೆಟೊ ಮೇಲೆ ಹತ್ತಿ ಕೂತಿದೆ. ಎಲ್ಲಿ ಹೋಗಿದ್ದೀಯ?"

ದನಿಯಲ್ಲಿ ಸಿಟ್ಟಿತ್ತು. ಚಪ್ಪಲಿ ಮೆಟ್ಟಿ ಹೊರಟೆ.